ಕೋವಿಯೋ, ಚಿಲಕವೋ?

ಅವರು ತೀರಿಕೊಂಡ ಮೇಲೆ ಮಡಿಕೇರಿಯ ಮನೆಯಲ್ಲಿ ನಾನೊಬ್ಬಳೇ. ‘ಒಂಟಿ ಹೆಂಗಸು, ಅವರ ಕೋವಿ ಹತ್ತಿರವಿರಲಿ’ ಎಂದರು ನೆಂಟರು.

ಕೊಡವರಾದ ನಮಗೆ ಲೈಸೆನ್ಸಿನ ಗೊಡವೆಯಿಲ್ಲ. 1857ರ ದಂಗೆಯ ನಂತರ ಬ್ರಿಟಿಷರು ಜನರ ಆಯುಧ ಕಿತ್ತುಕೊಂಡರೂ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ವಿನಾಯಿತಿ ಕೊಟ್ಟರು. ಅದನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು.

ಗಂಡು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಇದು ನಮ್ಮ ರೂಢಿ. ನಾನು ಹುಟ್ಟಿದಾಗ ಯಾರೂ ಹಾರಿಸಲಿಲ್ಲ. ಅವರು ಹೋದ ದಿನದ ಎರಡು ಸದ್ದು ಇನ್ನೂ ಕಿವಿಯಲ್ಲಿದೆ.

ಬೀಗ ಹಾಕಿಟ್ಟರೆ ಕಳ್ಳ ಬಂದಾಗ ಕೈಗೆ ಸಿಗದು. ಹಾಗೇ ಇಟ್ಟರೆ ರಜೆಗೆ ಬರುವ ಮೊಮ್ಮಗನ ಕೈಗೆ ಸಿಕ್ಕೀತು. ಕೊನೆಗೆ ಭಾವನ ಹೆಸರಿಗೆ ಮಾಡಿಸಿ ಐನ್‌ಮನೆಗೆ ಕಳಿಸಿದೆ. ಕೈಲ್‌ಪೊಳ್ದ್ ಹಬ್ಬಕ್ಕೆ ಹೋಗಿ ಹೂ ಮುಡಿಸಿ ಬರುತ್ತೇನೆ. ಇಲ್ಲಿ ಬಾಗಿಲಿಗೆ ಗಟ್ಟಿ ಚಿಲಕ ಹಾಕಿಸಿದ್ದೇನೆ.