ಕೃಷಿಕಟ್ಟಡಗಳ ಭಾರಮಾನ: ಒಂದು ಚಾರಿತ್ರಿಕ ವಿವೇಚನೆ

ಮನುಷ್ಯರು ವಾಸಿಸುವ ಮನೆಗೂ ದನ ಕಟ್ಟುವ ಕೊಟ್ಟಿಗೆಗೂ ಒಂದೇ ಬಲ ಬೇಕೆ ಎಂಬ ಪ್ರಶ್ನೆಗೆ ಊರ ಬಡಗಿಯು ಎಂದೋ ಉತ್ತರ ಹೇಳಿಬಿಟ್ಟಿದ್ದನು. ಮನೆಯ ತೊಲೆಗೆ ಸಾಗುವಾನಿ. ಕೊಟ್ಟಿಗೆಯ ಕಂಬಕ್ಕೆ ಕೈಗೆ ಸಿಕ್ಕ ಕಾಡುಮರ. ಬಿದ್ದರೆ ಮರುವರ್ಷ ಸುಗ್ಗಿ ಮುಗಿದ ಮೇಲೆ ಮತ್ತೆ ಎತ್ತಿ ನಿಲ್ಲಿಸಬಹುದು. ಈ ಗ್ರಾಮ್ಯ ವಿವೇಕವನ್ನು ಅಂಕಿಗಳಲ್ಲಿ ಬರೆದು ನಿಯಮದ ರೂಪಕ್ಕೆ ತಂದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧ. ಅಂಕಿಗೆ ಇಳಿಸಿದೊಡನೆ, ಬಡಗಿಯು ಬಾಯಿಬಿಟ್ಟು ಹೇಳದೆ ಉಳಿಸಿದ್ದ ಒಂದು ಮಾತನ್ನು ಎಂಜಿನಿಯರರು ಹೇಳಲೇಬೇಕಾಯಿತು: ಒಳಗೆ ಎಷ್ಟು ಜನರಿದ್ದರೆ ಕಟ್ಟಡವು ಎಷ್ಟು ಬಲವಾಗಿರಬೇಕು?

ಅದನ್ನು ಅತ್ಯಂತ ಸ್ಪಷ್ಟವಾಗಿ ಹೇಳಿದ ದೇಶ ಕೆನಡಾ. ಹಿಮದ ಭಾರಕ್ಕೆ ಹೆದರಿ ನಗರದ ನಿಯಮದಂತೆ ಕಟ್ಟಹೊರಟರೆ ರೈತನಿಗೆ ಕೊಟ್ಟಿಗೆಯೇ ದುಬಾರಿಯಾಗುತ್ತಿತ್ತು. ಆದುದರಿಂದ ೧೯೬೦ರ ದಶಕದಲ್ಲಿಯೇ ಅಲ್ಲಿ ಕೃಷಿಕಟ್ಟಡಗಳಿಗೆಂದು ಪ್ರತ್ಯೇಕ ನಿಯಮಗಳು ಹೊರಟವು. ಆ ಸಂಹಿತೆಯ ೧೯೯೫ರ ಆವೃತ್ತಿಯ ಪ್ರಕಾರ, ಸಾಮಾನ್ಯ ಬಳಕೆಯಲ್ಲಿ ನಲವತ್ತು ಚದರ ಮೀಟರಿಗೆ ಒಬ್ಬನಿಗಿಂತ ಹೆಚ್ಚು ಜನರಿಲ್ಲದ ಕಟ್ಟಡವು ಜನವಿರಳ ಕಟ್ಟಡ. ದನಗಳು ಎಷ್ಟಿದ್ದರೂ ಈ ಎಣಿಕೆಗೆ ಸೇರುವುದಿಲ್ಲ! ಬ್ರಿಟನ್ನಿನ ೫೫೦೨ ಸಂಖ್ಯೆಯ ಮಾನಕವು ಇನ್ನೂ ಸೂಕ್ಷ್ಮ. ಅದು ದಿನಕ್ಕೆ ಎಷ್ಟು ಗಂಟೆ ಜನರಿರುವರೆಂಬುದನ್ನೂ ನೋಡಿ ಕೃಷಿಕಟ್ಟಡಗಳನ್ನು ನಾಲ್ಕು ವರ್ಗ ಮಾಡಿ, ಅವುಗಳ ಆಯುಸ್ಸನ್ನು ಕ್ರಮವಾಗಿ ೫೦, ೨೦, ೧೦ ಮತ್ತು ೨ ವರ್ಷವೆಂದು ಗಣಿಸಿತು. ಅಮೆರಿಕದ ೧೯೭೨ರ ಮಾನಕವು ಗಾಳಿಯನ್ನು ಆಧಾರವಾಗಿ ಹಿಡಿಯಿತು: ಸಾಮಾನ್ಯ ಕಟ್ಟಡಕ್ಕೆ ಐವತ್ತು ವರ್ಷಕ್ಕೊಮ್ಮೆ ಬೀಸುವ ಗಾಳಿ, ಜನರಿಲ್ಲದ ಕಟ್ಟಡಕ್ಕೆ ಇಪ್ಪತ್ತೈದು ವರ್ಷಕ್ಕೊಮ್ಮೆ ಬೀಸುವ ಗಾಳಿ. ಭಾರತವು ಮುಂದೆ ನಡೆದದ್ದು ಈ ಮೂರನೆಯ ದಾರಿಯಲ್ಲಿ.

ಭಾರತೀಯ ಮಾನಕ ಸಂಸ್ಥೆಯು ೧೯೪೭ರಲ್ಲಿ ಸ್ಥಾಪಿತವಾಯಿತು. ಕಟ್ಟಡಗಳು ಹೊರಬೇಕಾದ ಭಾರಗಳನ್ನು ಕುರಿತ ಅದರ ೮೭೫ನೆಯ ಮಾನಕವು ಮೊದಲು ೧೯೫೭ರಲ್ಲಿ ಪ್ರಕಟವಾಗಿ, ೧೯೬೪ರಲ್ಲಿ ಮೆಟ್ರಿಕ್ ಅಳತೆಗೆ ಬದಲಾಯಿತು. ಆಗ ಅದರಲ್ಲಿದ್ದುದು ಗಾಳಿಯ ಒತ್ತಡದ ಎರಡು ಭೂಪಟಗಳು. ೧೯೮೭ರ ಪರಿಷ್ಕರಣವು ಇಡೀ ಗ್ರಂಥವನ್ನು ಐದು ಭಾಗ ಮಾಡಿತು. ೪೩ ಮಾಪನಕೇಂದ್ರಗಳ ದಾಖಲೆಯಿಂದ ಐವತ್ತು ವರ್ಷಕ್ಕೊಮ್ಮೆ ಮೀರಬಹುದಾದ ವೇಗವನ್ನು ಕಂಡುಕೊಂಡು, ಆ ಎರಡು ಭೂಪಟಗಳ ಬದಲಿಗೆ ಒಂದೇ ಭೂಪಟವನ್ನು ಕೊಟ್ಟಿತು. ಸೆಕೆಂಡಿಗೆ ಮೀಟರಿನ ಲೆಕ್ಕದಲ್ಲಿ ಬೆಂಗಳೂರಿಗೆ ೩೩, ಮಂಗಳೂರಿಗೂ ಪುಣೆಗೂ ೩೯, ಮುಂಬಯಿಗೂ ಹೈದರಾಬಾದಿಗೂ ೪೪, ದೆಹಲಿಗೆ ೪೭, ಚೆನ್ನೈಗೆ ೫೦. ಅತ್ಯಧಿಕ ವಲಯದ್ದು ೫೫.

ಈ ಮೂಲವೇಗವನ್ನು ಕಟ್ಟಡದ ಮಹತ್ತ್ವಕ್ಕೆ ತಕ್ಕ ಒಂದು ಗುಣಕದಿಂದ ಗುಣಿಸಬೇಕು. ಸಾಮಾನ್ಯ ಕಟ್ಟಡಕ್ಕೆ ಗುಣಕ ಒಂದು. ನೂರು ವರ್ಷ ಬಾಳಬೇಕೆಂದು ಗಣಿಸಿದ ಆಸ್ಪತ್ರೆ, ವಿದ್ಯುದಾಗಾರಗಳಿಗೆ ಅದು ಒಂದಕ್ಕಿಂತ ಹೆಚ್ಚು. ಕುಸಿದರೂ ಪ್ರಾಣಹಾನಿ, ಆಸ್ತಿಹಾನಿಗಳ ಭಯ ಕಡಿಮೆಯಿರುವ ಕಟ್ಟಡಗಳ ಆಯುಸ್ಸು ಇಪ್ಪತ್ತೈದು ವರ್ಷ. ಕಾಡಿನ ನಡುವಿನ ಒಂಟಿ ಗೋಪುರದ ಪಕ್ಕದಲ್ಲಿಯೇ ‘ವಸತಿಯಲ್ಲದ ಕೃಷಿಕಟ್ಟಡ’ಗಳನ್ನು ಈ ವರ್ಗದಲ್ಲಿ ಹೆಸರಿಸಲಾಗಿದೆ. ಅವುಗಳ ಗುಣಕವು ಬೆಂಗಳೂರಿನ ವಲಯದಲ್ಲಿ ೦.೯೪, ಚೆನ್ನೈಯ ವಲಯದಲ್ಲಿ ೦.೯೦, ಅತ್ಯಧಿಕ ವಲಯದಲ್ಲಿ ೦.೮೯.

ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾದುದರಿಂದ ಈ ಚಿಕ್ಕ ಅಂತರ ಚಿಕ್ಕದಾಗಿ ಉಳಿಯುವುದಿಲ್ಲ. ಉಳಿದ ಗುಣಕಗಳನ್ನು ಬದಿಗಿಟ್ಟು ನೋಡಿದರೆ, ಬೆಂಗಳೂರಿನ ಬಯಲಿನಲ್ಲಿ ಮನೆಗೆ ಚದರ ಮೀಟರಿಗೆ ಸುಮಾರು ೬೭ ಕಿಲೋಗ್ರಾಂ ಒತ್ತಡ ಹಿಡಿದರೆ, ಕೊಟ್ಟಿಗೆಗೆ ೫೯ ಸಾಕು. ಚೆನ್ನೈಯಲ್ಲಿ ೧೫೩ರ ಸ್ಥಾನದಲ್ಲಿ ೧೨೪. ಒಂದೆಡೆ ನೂರಕ್ಕೆ ಹನ್ನೆರಡರಷ್ಟು ರಿಯಾಯಿತಿ, ಇನ್ನೊಂದೆಡೆ ಹತ್ತೊಂಬತ್ತರಷ್ಟು. ಗಾಳಿ ಎಲ್ಲಿ ಉಗ್ರವೋ ಅಲ್ಲಿಯೇ ರಿಯಾಯಿತಿಯೂ ಹೆಚ್ಚು! ಇದು ಪ್ರಮಾದವಲ್ಲ. ಚಂಡಮಾರುತದ ನಾಡಿನಲ್ಲಿ ಇಪ್ಪತ್ತೈದು ವರ್ಷದ ಗಾಳಿಗೂ ಐವತ್ತು ವರ್ಷದ ಗಾಳಿಗೂ ಅಂತರವೇ ದೊಡ್ಡದು. ಗಣಿತವು ಅದನ್ನು ಯಥಾವತ್ತಾಗಿ ತೋರಿಸಿದೆ. ಆದರೆ ೧೯೭೭ರ ನವೆಂಬರಿನಲ್ಲಿ ದಿವಿಸೀಮೆಯನ್ನು ಕೊಚ್ಚಿಕೊಂಡು ಹೋದ ಚಂಡಮಾರುತವು ಬಡಿದದ್ದು ೫೦ರ ವಲಯದ ಕರಾವಳಿಯನ್ನು ಎಂಬುದನ್ನು ನೆನೆದರೆ, ಗಣಿತದ ಈ ಪ್ರಾಮಾಣಿಕತೆ ಸಮಾಧಾನ ಕೊಡುವುದಿಲ್ಲ.

ಆಯುಸ್ಸಿನ ಎಣಿಕೆಯಲ್ಲಿಯೂ ಒಂದು ತೊಡಕಿದೆ. ಐವತ್ತು ವರ್ಷಕ್ಕೊಮ್ಮೆ ಬರುವ ಗಾಳಿಯು ಐವತ್ತು ವರ್ಷದೊಳಗೆ ಒಮ್ಮೆಯಾದರೂ ಮೀರಿ ಬೀಸುವ ಸಂಭವ ನೂರಕ್ಕೆ ಸುಮಾರು ೬೩. ಇಪ್ಪತ್ತೈದು ವರ್ಷಗಳ ಕೊಟ್ಟಿಗೆಗೂ ಅಷ್ಟೇ ಸಂಭವ. ಆದಕಾರಣ ನ್ಯಾಯ ಸಮಾನವಾಗಿದೆ ಎಂಬುದು ಮಾನಕದ ತರ್ಕ. ಆದರೆ ಇಪ್ಪತ್ತಾರನೆಯ ವರ್ಷ ಕೊಟ್ಟಿಗೆಯನ್ನು ಕೆಡವುವ ರೈತನಾರು? ಅದೇ ಕೊಟ್ಟಿಗೆ ಐವತ್ತು ವರ್ಷ ನಿಂತರೆ ಆ ಸಂಭವ ನೂರಕ್ಕೆ ೮೭ಕ್ಕೆ ಏರುತ್ತದೆ. ವೇಗ ಮೀರಿದೊಡನೆ ಕಟ್ಟಡ ಬೀಳುವುದಿಲ್ಲ ನಿಜ. ಉಕ್ಕಿಗೂ ಮರಕ್ಕೂ ಬೇರೆಯಾಗಿ ಸುರಕ್ಷತೆಯ ಅಂಶ ಸೇರಿರುತ್ತದೆ. ಆದರೆ ಆ ಅಂಶ ಉಳಿಯುವುದು ಲೆಕ್ಕ ಹಾಕಿ ಕಟ್ಟಿದ ಕಟ್ಟಡದಲ್ಲಿ ಮಾತ್ರ.

ಹಳೆಯ ಕೊಟ್ಟಿಗೆಗೆ ಈ ಲೆಕ್ಕವಿಲ್ಲದೆ ನಡೆದದ್ದೇಕೆಂದರೆ, ಅದರ ಮಾಡಿನ ತೂಕವೇ ಅದನ್ನು ಕಾಯುತ್ತಿತ್ತು. ಬಯಲುಸೀಮೆಯ ಮಣ್ಣಿನ ಮಾಳಿಗೆಯನ್ನು ಗಾಳಿ ಎತ್ತಲಾರದು. ೧೮೬೫ರಿಂದ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ತಯಾರಿಸತೊಡಗಿದ ಹೆಂಚು ಮಣ್ಣಿಗಿಂತ ಹಗುರವಾದರೂ ತಗಡಿಗಿಂತ ಹಲವು ಪಟ್ಟು ಭಾರ. ಸುಕ್ಕುತಗಡು ಬಂದ ಮೇಲೆ ಚಿತ್ರವೇ ತಿರುಗಿತು. ಚದರ ಮೀಟರಿಗೆ ಹತ್ತು ಕಿಲೋಗ್ರಾಂ ಕೂಡ ತೂಗದ ಮಾಡನ್ನು ಗಾಳಿಯು ಒತ್ತುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಸೆಳೆಯುತ್ತದೆ. ಗೋಡೆಯ ತೆರಪು ಐದನೆಯ ಒಂದಂಶವನ್ನು ಮೀರಿದರೆ, ಒಳಗಿನಿಂದಲೂ ಪೂರ್ಣ ಒತ್ತಡದ ೦.೭ ಅಂಶ ಮಾಡನ್ನು ನೂಕಬಹುದೆಂದು ಅದೇ ಮಾನಕ ಎಚ್ಚರಿಸುತ್ತದೆ. ಗಾಳಿಬೆಳಕಿಗೆಂದು ಅಗಲವಾಗಿ ತೆರೆದಿಟ್ಟ ಕೋಳಿಮನೆ, ಹಟ್ಟಿಗಳೇ ಇದಕ್ಕೆ ಗುರಿ. ತಗಡನ್ನು ಕೆಳಗೆ ಹಿಡಿದಿಡುವ ಕೊಕ್ಕೆ ಬೋಲ್ಟುಗಳ ಲೆಕ್ಕದಲ್ಲಿಯೇ ಈ ರಿಯಾಯಿತಿಯು ಕೊನೆಗೆ ಬಂದು ನಿಲ್ಲುತ್ತದೆ.

ಇನ್ನುಳಿದದ್ದು ‘ವಸತಿಯಲ್ಲದ’ ಎಂಬ ವಿಶೇಷಣ. ಕೆನಡಾದವರು ತಲೆ ಎಣಿಸಿದರು, ಬ್ರಿಟನ್ನಿನವರು ಗಂಟೆಯನ್ನೂ ಎಣಿಸಿದರು. ಭಾರತದ ಮಾನಕವು ಎರಡನ್ನೂ ಎಣಿಸದೆ ಒಂದು ಪದವನ್ನು ನಂಬಿತು. ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ತಲೆಬಾಗಿಲು ದಾಟಿದೊಡನೆ ದನಗಳ ಸ್ಥಳ. ಅದರಾಚೆ ಎತ್ತರಿಸಿದ ಕಟ್ಟೆಯ ಮೇಲೆ ಮನೆಮಂದಿ. ಎಲ್ಲಕ್ಕೂ ಮಾಡು ಒಂದೇ. ಸುಗ್ಗಿಯ ಕಾಲದಲ್ಲಿ ರಾಶಿ ಕಾಯುವವನು ಮಲಗುವುದು ಕಣದ ಬಳಿಯ ಚಪ್ಪರದಲ್ಲಿ. ಕೋಳಿಮನೆಯ ಒಂದು ಮೂಲೆಯನ್ನು ಮರೆಮಾಡಿಕೊಂಡು ಸಂಸಾರ ಹೂಡಿದ ಕೂಲಿಕಾರನಿಗೆ ಅದೇ ವಸತಿ. ನಕ್ಷೆಯಲ್ಲಿ ಮಾತ್ರ ಅದು ವಸತಿಯಲ್ಲ.

೨೦೧೫ರ ಪರಿಷ್ಕರಣವು ಪೂರ್ವ ಕರಾವಳಿ ಮತ್ತು ಗುಜರಾತಿನ ಕಡಲಂಚಿನ ೬೦ ಕಿಲೋಮೀಟರ್ ಪಟ್ಟಿಗೆ ಚಂಡಮಾರುತದ ಹೊಸ ಗುಣಕವೊಂದನ್ನು ಸೇರಿಸಿತು: ಚಂಡಮಾರುತದ ನಂತರವೂ ಕೆಲಸಕ್ಕೆ ಬರಬೇಕಾದ ಕಟ್ಟಡಗಳಿಗೆ ೧.೩೦, ಕೈಗಾರಿಕಾ ಕಟ್ಟಡಗಳಿಗೆ ೧.೧೫, ಉಳಿದವಕ್ಕೆಲ್ಲ ೧.೦೦. ಕೊಟ್ಟಿಗೆಯು ಉಳಿದವುಗಳ ಸಾಲಿನಲ್ಲಿದೆ.