ಸೆರೆಮನೆಯ ಗಿರಣಿ ಮನೆಗೆ ಬಂದ ಬಗೆ

ಬೆಳಗಿನ ಹೊತ್ತು ಯಾವುದಾದರೂ ವ್ಯಾಯಾಮಶಾಲೆಯ ಬಾಗಿಲಲ್ಲಿ ಒಂದು ನಿಮಿಷ ನಿಂತು ಒಳಗೆ ನೋಡಿ. ಸಾಲಾಗಿ ನಿಲ್ಲಿಸಿದ ಯಂತ್ರಗಳ ಮೇಲೆ ಹತ್ತಾರು ಮಂದಿ ನಡೆಯುತ್ತಿರುತ್ತಾರೆ, ಕೆಲವರು ಓಡುತ್ತಿರುತ್ತಾರೆ. ಎಲ್ಲರ ಮೈಯೂ ಬೆವರಿನಿಂದ ತೊಯ್ದಿರುತ್ತದೆ. ಆದರೆ ಯಾರೊಬ್ಬರೂ ಇದ್ದ ಜಾಗದಿಂದ ಒಂದು ಅಂಗುಲವೂ ಮುಂದೆ ಹೋಗಿರುವುದಿಲ್ಲ. ಕಾಲ ಕೆಳಗಿನ ಪಟ್ಟಿ ಹಿಂದಕ್ಕೆ ಸರಿಯುತ್ತದೆ, ಮನುಷ್ಯ ಮುಂದಕ್ಕೆ ಹೆಜ್ಜೆ ಇಡುತ್ತಾನೆ. ಲೆಕ್ಕ ಅಲ್ಲಿಂದಲ್ಲಿಗೆ ಸರಿಹೋಗುತ್ತದೆ. ಇದೇ ಟ್ರೆಡ್‌ಮಿಲ್. ಈಗ ಇದು ಅನೇಕರ ಮನೆಗೂ ಬಂದಿದೆ. ಕೊಂಡ ಹೊಸದರಲ್ಲಿ ಮನೆಮಂದಿಯೆಲ್ಲ ಸರದಿಯ ಮೇಲೆ ಹತ್ತಿ ನಡೆಯುತ್ತಾರೆ. ಆರು ತಿಂಗಳು ಕಳೆಯುವುದರೊಳಗೆ, ಒಗೆದ ಬಟ್ಟೆ ಹರವುವುದಕ್ಕೂ ಅದು ಬಲು ಅನುಕೂಲವೆಂದು ಕಂಡುಕೊಳ್ಳುವ ಮನೆಗಳೂ ಇಲ್ಲದಿಲ್ಲ.

ಈ ಹೆಸರನ್ನು ಬಿಡಿಸಿ ನೋಡಿದರೆ ‘ತುಳಿಯುವ ಗಿರಣಿ’ ಎಂದಾಗುತ್ತದೆ. ವ್ಯಾಯಾಮಕ್ಕೂ ಗಿರಣಿಗೂ ಎಲ್ಲಿಯ ನಂಟು ಎಂದು ನೀವು ಕೇಳಬಹುದು. ಅದರ ಪೂರ್ವಾಶ್ರಮವನ್ನು ಹುಡುಕಿಕೊಂಡು ಹೊರಟರೆ ನಾವು ಸೇರುವುದು ಗರಡಿಮನೆಯನ್ನಲ್ಲ, ವೈದ್ಯರ ಮನೆಯನ್ನೂ ಅಲ್ಲ. ಇಂಗ್ಲೆಂಡಿನ ಒಂದು ಸೆರೆಮನೆಯನ್ನು.

ಕಾಲಿನಿಂದ ತುಳಿದು ಕೆಲಸ ಮಾಡುವುದು ಮನುಷ್ಯನಿಗೆ ಹೊಸದೇನಲ್ಲ. ನಮ್ಮ ಕಡೆಯ ಏತವನ್ನು ನೋಡಿದ ಹಿರಿಯರು ಇನ್ನೂ ಇದ್ದಾರೆ. ಬಾವಿಯ ಮೇಲಣ ಉದ್ದನೆಯ ಮರದ ಮೇಲೆ ಒಬ್ಬ ಆಳು ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದರೆ ಅವನ ಮೈಭಾರಕ್ಕೆ ಮರ ಏರಿ ಇಳಿದು ನೀರು ಮೇಲೆ ಬರುತ್ತಿತ್ತು. ರೋಮನರು ಇದನ್ನೇ ಚಕ್ರವಾಗಿ ಮಾಡಿಕೊಂಡಿದ್ದರು. ಹಟೇರಿ ಎಂಬ ಮನೆತನದವರ ಸಮಾಧಿಯಲ್ಲಿ ದೊರೆತ, ಸುಮಾರು 1,900 ವರ್ಷಗಳ ಹಿಂದಿನ ಒಂದು ಉಬ್ಬುಶಿಲ್ಪದಲ್ಲಿ ಭಾರ ಎತ್ತುವ ದೊಡ್ಡ ಯಂತ್ರವೊಂದಿದೆ. ಅದರ ಬುಡದಲ್ಲಿ ಒಂದು ಚಕ್ರ, ಚಕ್ರದೊಳಗೆ ಅದನ್ನು ತುಳಿಯುತ್ತಿರುವ ಆಳುಗಳು. ಇಲ್ಲೆಲ್ಲ ದುಡಿಮೆ ಕಠಿಣವೇ. ಆದರೆ ದುಡಿಮೆಯ ಕೊನೆಗೆ ಕಣ್ಣಿಗೆ ಕಾಣುವ ಫಲವೊಂದಿತ್ತು: ಗದ್ದೆಗೆ ನೀರು ಹರಿಯಿತು, ಕಲ್ಲು ಗೋಡೆಯ ಮೇಲೇರಿತು.

ವಿಲಿಯಂ ಕ್ಯೂಬಿಟ್ 1785ರಲ್ಲಿ ಇಂಗ್ಲೆಂಡಿನ ನಾರ್ಫೋಕ್ ಸೀಮೆಯಲ್ಲಿ ಹುಟ್ಟಿದವನು. ತಂದೆ ಹಿಟ್ಟಿನ ಗಿರಣಿಯವನು. ಮಗ ಗಾಳಿ ಗಿರಣಿಗಳ ಕೆಲಸದಲ್ಲಿ ಪಳಗಿ, ಗಾಳಿಯ ವೇಗಕ್ಕೆ ತಕ್ಕಂತೆ ತಾವೇ ಹೊಂದಿಕೊಳ್ಳುವ ರೆಕ್ಕೆಗಳನ್ನು ಮಾಡಿ 1807ರಲ್ಲಿ ಪೇಟೆಂಟ್ ಪಡೆದ. ಮುಂದೆ ದೊಡ್ಡ ಎಂಜಿನಿಯರನಾಗಿ, 1851ರಲ್ಲಿ ಲಂಡನ್ನಿನಲ್ಲಿ ಎದ್ದ ಪ್ರಸಿದ್ಧ ‘ಸ್ಫಟಿಕ ಅರಮನೆ’ಯ ನಿರ್ಮಾಣದ ಮೇಲ್ವಿಚಾರಣೆ ನೋಡಿಕೊಂಡು ‘ಸರ್’ ಪದವಿಯನ್ನೂ ಗಳಿಸಿದ. ಇಂಥವನು ಒಮ್ಮೆ ಬರಿ ಸೇಂಟ್ ಎಡ್ಮಂಡ್ಸ್ ಎಂಬ ಊರಿನ ಸೆರೆಮನೆಗೆ ಹೋಗಿದ್ದಾಗ ಕೈದಿಗಳು ಕೆಲಸವಿಲ್ಲದೆ ಕಾಲ ಕಳೆಯುವುದನ್ನು ಕಂಡ. ಇವರಿಗೊಂದು ಕೆಲಸ ಹೊಂದಿಸಿ ಕೊಡಬಾರದೇ ಎಂದು ಅಲ್ಲಿಯ ಮ್ಯಾಜಿಸ್ಟ್ರೇಟರು ಕೇಳಿದರಂತೆ. ಗಿರಣಿಯವನ ಮಗನಿಗೆ ಹೊಳೆದದ್ದು ಗಿರಣಿಯೇ. 1818ರಲ್ಲಿ ಅವನ ತುಳಿಚಕ್ರ ಸಿದ್ಧವಾಯಿತು.

ಅದರ ರಚನೆ ಹೀಗೆ. ಮಲಗಿಸಿದ ಉದ್ದನೆಯ ಪೀಪಾಯಿಯಂಥ ಒಂದು ಚಕ್ರ. ಅದರ ಹೊರಮೈ ಸುತ್ತಲೂ, ಒಂದರಿಂದೊಂದಕ್ಕೆ ಏಳೆಂಟು ಅಂಗುಲ ದೂರದಲ್ಲಿ ಹಲಗೆಯ ಮೆಟ್ಟಿಲುಗಳು. ಕೈದಿಗಳು ಸಾಲಾಗಿ ನಿಂತು, ಎದುರಿಗಿನ ಅಡ್ಡಗಂಬಿ ಹಿಡಿದು, ಮೆಟ್ಟಿಲು ಹತ್ತಬೇಕು. ಹತ್ತಿದ ಮೆಟ್ಟಿಲು ಅವರ ಭಾರಕ್ಕೆ ಕೆಳಗಿಳಿಯುತ್ತದೆ; ಮುಂದಿನದು ಎದುರಿಗೆ ಬರುತ್ತದೆ. ಎಂದಿಗೂ ಮುಗಿಯದ ಮೆಟ್ಟಿಲು. ಒಬ್ಬ ಸೋಮಾರಿತನ ಮಾಡಿದರೂ ಚಕ್ರ ಉಳಿದವರ ಭಾರಕ್ಕೆ ತಿರುಗಿಯೇ ತಿರುಗುತ್ತದೆ. ಕಾಲೆತ್ತದವನ ಕಾಲಿಗೇ ಪೆಟ್ಟು. ಕಾವಲುಗಾರ ಗದರಿಸಬೇಕಾದ್ದಿಲ್ಲ, ಯಂತ್ರವೇ ಕಾವಲುಗಾರ. ಜಾಣತನವೆಲ್ಲ ಇಲ್ಲಿಯೇ ಇತ್ತು; ಕ್ರೌರ್ಯವೂ ಇಲ್ಲಿಯೇ ಇತ್ತು.

1821ರಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್ ಸೆರೆಮನೆಯಲ್ಲಿ ದೊಡ್ಡದೊಂದು ಚಕ್ರ ನಿಂತಿತು. ಮರುವರ್ಷವೇ ಅಮೆರಿಕದ ನ್ಯೂಯಾರ್ಕಿಗೂ ಈ ಏರ್ಪಾಡು ಹೋಯಿತು. ಕೆಲವು ಕಡೆ ಚಕ್ರ ಧಾನ್ಯ ಬೀಸುತ್ತಿತ್ತು, ಕೆಲವು ಕಡೆ ನೀರೆತ್ತುತ್ತಿತ್ತು. ಇನ್ನು ಎಷ್ಟೋ ಕಡೆ ಬೀಸುವುದಕ್ಕೂ ಏನೂ ಇಲ್ಲ, ಎತ್ತುವುದಕ್ಕೂ ಏನೂ ಇಲ್ಲ. ಚಕ್ರ ಬರಿದೇ ಗಾಳಿಯನ್ನು ಬೀಸುತ್ತ ತಿರುಗುತ್ತಿತ್ತು. ಮೊದಮೊದಲು ಹೆಂಗಸರನ್ನೂ ಅದಕ್ಕೆ ಹತ್ತಿಸುತ್ತಿದ್ದರು. ಬರುಬರುತ್ತ ಕೈದಿಗಳು ಪಕ್ಕದವರೊಡನೆ ಮಾತನಾಡಬಾರದೆಂದು ನಡುನಡುವೆ ಹಲಗೆಯ ತಡಿಕೆಗಳನ್ನೂ ಹೊಡೆದರು. ದಿನಕ್ಕೆ 8,000 ಅಡಿಗೂ ಮೇಲೆ ಹತ್ತಿಸಿದ ಸೆರೆಮನೆಗಳುಂಟು. ಇದನ್ನು ನಮ್ಮ ಲೆಕ್ಕಕ್ಕೆ ತಂದುಕೊಳ್ಳಿ: ಎಂಟಂಗುಲದ ಮೆಟ್ಟಿಲಾದರೆ 12,000 ಮೆಟ್ಟಿಲು. ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಹತ್ತಿದವರಿಗೆ ತೊಡೆಯ ನೋವು ಗೊತ್ತಿದೆ. ಒಂದೇ ದಿನದಲ್ಲಿ ಅದನ್ನು 12 ಸಲ ಹತ್ತಬೇಕು. ಮೇಲೆ ದೇವಿಯ ದರ್ಶನವಿಲ್ಲ, ದಾರಿಯಲ್ಲಿ ನಂದಿಯಿಲ್ಲ, ತಂಗಾಳಿಯೂ ಇಲ್ಲ. ಮಾರನೆಯ ದಿನ ಮತ್ತೆ ಅದೇ.

ಆಸ್ಕರ್ ವೈಲ್ಡ್ ಎಂಬ ಪ್ರಸಿದ್ಧ ಲೇಖಕನಿಗೆ 1895ರಲ್ಲಿ ಎರಡು ವರ್ಷದ ಕಠಿಣ ಶಿಕ್ಷೆಯಾದಾಗ ಅವನೂ ಪೆಂಟನ್‌ವಿಲ್ ಸೆರೆಮನೆಯಲ್ಲಿ ಈ ಚಕ್ರ ತುಳಿದ. ಸೆರೆವಾಸ ಮುಗಿಸಿ ಬಂದವನ ಆರೋಗ್ಯ ಮತ್ತೆ ಸುಧಾರಿಸಲಿಲ್ಲ. 1900ರಲ್ಲಿ, 46ನೆಯ ವಯಸ್ಸಿಗೇ ತೀರಿಕೊಂಡ. ಅವನ ಸೆರೆಮನೆಯ ಕವನ ಅಚ್ಚಾದದ್ದು 1898ರಲ್ಲಿ. ಅದೇ ವರ್ಷ ಬ್ರಿಟನ್ನಿನಲ್ಲಿ ಹೊಸ ಸೆರೆಮನೆ ಕಾನೂನು ಬಂದು, ತುಳಿಚಕ್ರ ಮೂಲೆ ಸೇರತೊಡಗಿತು. ಆದರೆ ಅದೇ ಆಳರಸರು ನಮ್ಮ ಅಂಡಮಾನಿನಲ್ಲಿ ಕಟ್ಟಿಸಿದ ಸೆಲ್ಯುಲರ್ ಜೈಲಿನಲ್ಲಿ, ಆಮೇಲೂ, ರಾಜಕೀಯ ಕೈದಿಗಳನ್ನು ಎತ್ತಿನ ಜಾಗದಲ್ಲಿ ಕಟ್ಟಿ ಎಣ್ಣೆಯ ಗಾಣ ತಿರುಗಿಸಿದರೆಂಬುದನ್ನು ನಾವು ಮರೆಯುವ ಹಾಗಿಲ್ಲ. ‘ಗಾಣದೆತ್ತಿನ ದುಡಿಮೆ’ ಎಂಬ ನಮ್ಮ ಮಾತು ಅಲ್ಲಿ ಬರಿಯ ಗಾದೆಯಾಗಿರಲಿಲ್ಲ.

ಹೀಗಿದ್ದ ಯಂತ್ರ ಆರೋಗ್ಯದ ಕಡೆಗೆ ತಿರುಗಿದ್ದು ಹೇಗೆ? ತಿರುಗಿಸಿದವರಲ್ಲಿ ಮೊದಲಿಗ ಎಡ್ವರ್ಡ್ ಸ್ಮಿತ್ ಎಂಬ ಇಂಗ್ಲಿಷ್ ವೈದ್ಯ. ದುಡಿಯುವ ಮೈಗೆ ಎಷ್ಟು ಗಾಳಿ ಬೇಕು, ಎಂಥ ಆಹಾರ ಬೇಕು ಎಂಬ ಪ್ರಶ್ನೆ ಅವನದು. ಅಳೆಯಬೇಕಾದರೆ ದುಡಿಮೆ ಒಂದೇ ಸಮನಾಗಿರಬೇಕು. ಅಷ್ಟು ಸಮನಾದ ದುಡಿಮೆ ಸೆರೆಮನೆಯ ಚಕ್ರದಲ್ಲಲ್ಲದೆ ಮತ್ತೆಲ್ಲಿ ಸಿಕ್ಕೀತು? 1850ರ ದಶಕದ ಕೊನೆಯಲ್ಲಿ ಅವನು ಲಂಡನ್ನಿನ ಕೋಲ್ಡ್‌ಬಾತ್ ಫೀಲ್ಡ್ಸ್ ಸೆರೆಮನೆಗೆ ಹೋಗಿ, ಮುಖಕ್ಕೆ ಮುಸುಕು, ಗಾಳಿಯಳೆಯುವ ಉಪಕರಣ ಕಟ್ಟಿಕೊಂಡು, ತಾನೇ ಚಕ್ರ ಹತ್ತಿ ತುಳಿದ. ಇಲ್ಲಿ ನಿಂತು ಸ್ವಲ್ಪ ಯೋಚಿಸಬೇಕು. ಚಕ್ರ ಅದೇ, ಮೆಟ್ಟಿಲು ಅದೇ. ಆದರೆ ಈ ಸಲ ಹತ್ತಿದವನು ತನ್ನ ಇಚ್ಛೆಯಿಂದ ಹತ್ತಿದ, ಬೇಕೆನಿಸಿದಾಗ ಇಳಿಯಬಲ್ಲವನಾಗಿದ್ದ.

ಆಗಿನ ದೊಡ್ಡ ರಸಾಯನಶಾಸ್ತ್ರಜ್ಞ ಲೀಬಿಗ್, ದುಡಿಯುವಾಗ ಮಾಂಸಖಂಡ ತನ್ನನ್ನೇ ಸವೆಸಿಕೊಂಡು ಶಕ್ತಿ ಕೊಡುತ್ತದೆಂದು ನಂಬಿದ್ದ. ಹಾಗಿದ್ದರೆ ಚಕ್ರ ತುಳಿದವರ ಮೂತ್ರದಲ್ಲಿ ಯೂರಿಯಾ ಬಹಳ ಹೆಚ್ಚಬೇಕು. ಸ್ಮಿತ್ ಕೈದಿಗಳಲ್ಲಿ ಅಳೆದು ನೋಡಿದ. ಅದು ಹೇಳಿಕೊಳ್ಳುವಷ್ಟು ಹೆಚ್ಚಿರಲಿಲ್ಲ. ಉಸಿರಿನ ಇಂಗಾಲಾಮ್ಲವಾದರೋ ಹಲವು ಪಟ್ಟು ಏರುತ್ತಿತ್ತು. ಎಂದರೆ ದುಡಿಮೆಗೆ ಮುಖ್ಯವಾದ ಉರುವಲು ಪಿಷ್ಟ, ಕೊಬ್ಬುಗಳು. ನಮ್ಮ ರೈತ ಮುದ್ದೆಯುಂಡು ಉಳುವುದರ ಮರ್ಮ ಇದೇ.

ಸ್ಮಿತ್ ತೋರಿಸಿದ ದಾರಿಯಲ್ಲಿ ಬೇರೆಯವರು ನಡೆದರು. ಬರ್ಲಿನ್ನಿನ ನಾಥನ್ ಸುಂಟ್ಸ್ 1889ರ ಹೊತ್ತಿಗೆ ಚಕ್ರವನ್ನು ಬಿಟ್ಟು ಚಲಿಸುವ ಪಟ್ಟಿಯನ್ನು ಹಾಸಿ, ಕುದುರೆಯನ್ನು ನಡೆಸಿ ಅದರ ಉಸಿರನ್ನು ಅಳೆದ. ಇತ್ತ ಅಮೆರಿಕದಲ್ಲಿ ನಾಟಕದವರಿಗೂ ಇಂಥದೇ ಒಂದು ಯೋಚನೆ. 1899ರಲ್ಲಿ ನ್ಯೂಯಾರ್ಕಿನ ರಂಗದ ಮೇಲೆ ‘ಬೆನ್‌ಹರ್’ ನಾಟಕದ ರಥದ ಪಂದ್ಯವನ್ನು ನಿಜವಾದ ಕುದುರೆಗಳಿಂದಲೇ ಓಡಿಸಿ ತೋರಿಸಿದರು. ಕುದುರೆಗಳು ಚಲಿಸುವ ಪಟ್ಟಿಯ ಮೇಲೆ ಓಡುತ್ತಿದ್ದುದರಿಂದ ಪ್ರೇಕ್ಷಕರ ಮೇಲೆ ಬೀಳಲಿಲ್ಲ! ಆ ರಂಗಸಜ್ಜಿಕೆಯಲ್ಲಿ ದುಡಿದ ಕ್ಲಾಡ್ ಹೇಗನ್ ಎಂಬಾತನೇ ಮನುಷ್ಯರ ಓಟದ ಅಭ್ಯಾಸಕ್ಕಾಗಿ ಒಂದು ಪಟ್ಟಿಯ ಯಂತ್ರವನ್ನು ಯೋಚಿಸಿ 1913ರಲ್ಲಿ ಪೇಟೆಂಟ್ ಪಡೆದ.

ಈ ಪಟ್ಟಿಯಿಂದ ಒಂದು ದೊಡ್ಡ ಬದಲಾವಣೆ ಆಯಿತು. ಸೆರೆಮನೆಯಲ್ಲಿ ಮನುಷ್ಯ ಯಂತ್ರವನ್ನು ತಿರುಗಿಸುತ್ತಿದ್ದ. ಮೋಟಾರು ಬಂದ ಮೇಲೆ ಯಂತ್ರವೇ ತಾನಾಗಿ ತಿರುಗಿ ಮನುಷ್ಯನನ್ನು ನಡೆಸತೊಡಗಿತು. ವೇಗ ಎಷ್ಟಿರಬೇಕು, ಏರು ಎಷ್ಟಿರಬೇಕು ಎಂಬುದನ್ನು ಬೇಕಾದಂತೆ ಗೊತ್ತುಮಾಡಬಹುದಾಯಿತು.

ಇದರ ಪೂರ್ಣ ಪ್ರಯೋಜನ ಪಡೆದವರು ಹೃದಯದ ವೈದ್ಯರು. ಎತ್ತು ಕೊಳ್ಳುವ ರೈತ ಹಲ್ಲು ಎಣಿಸಿ ಸುಮ್ಮನಾಗುವುದಿಲ್ಲ. ನೊಗ ಹೂಡಿ ನಾಲ್ಕು ಸಾಲು ಉಳಿಸಿ ನೋಡುತ್ತಾನೆ. ಮಲಗಿದವನ ಹೃದಯ ನೆಟ್ಟಗಿದೆ ಎಂದ ಮಾತ್ರಕ್ಕೆ ನಡೆಯುವವನ ಹೃದಯವೂ ನೆಟ್ಟಗಿದೆಯೆಂದು ಹೇಳಲಾದೀತೇ? ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಡಾ. ರಾಬರ್ಟ್ ಬ್ರೂಸ್, ವೇಯ್ನ್ ಕ್ವಿಂಟನ್ ಎಂಬ ತಂತ್ರಜ್ಞರ ನೆರವಿನಿಂದ, 1950ರ ದಶಕದಲ್ಲಿ ರೋಗಿಗಳನ್ನು ಪಟ್ಟಿಯ ಮೇಲೆ ನಡೆಸಿ ಎದೆಯ ವಿದ್ಯುತ್ ರೇಖೆಗಳನ್ನು ಬರೆದುಕೊಳ್ಳುವ ಕ್ರಮವನ್ನು ರೂಪಿಸಿದರು. 1963ರಲ್ಲಿ ಅವರ ಹಂತಹಂತದ ಪರೀಕ್ಷೆ ಪ್ರಕಟವಾಯಿತು. ಮೊದಲ ಮೂರು ನಿಮಿಷ ಗಂಟೆಗೆ 2.7 ಕಿಲೋಮೀಟರ್ ವೇಗ, ನೂರಕ್ಕೆ 10ರ ಏರು. ಮುಂದಿನ ಮೂರು ನಿಮಿಷ 4 ಕಿಲೋಮೀಟರ್, ನೂರಕ್ಕೆ 12ರ ಏರು. ಹೀಗೆ ಮೂರು ಮೂರು ನಿಮಿಷಕ್ಕೆ ವೇಗವೂ ಏರೂ ಹೆಚ್ಚುತ್ತವೆ. ನಮ್ಮ ಊರುಗಳ ಆಸ್ಪತ್ರೆಗಳಲ್ಲಿ ‘ಟಿ.ಎಂ.ಟಿ. ಮಾಡಿಸಿಕೊಂಡು ಬನ್ನಿ’ ಎಂದು ಹೇಳುತ್ತಾರಲ್ಲ, ಅದು ಈ ಪರೀಕ್ಷೆಯೇ. ಮೊದಲಿನ ‘ಟಿ.ಎಂ.’ ಎಂದರೆ ಆ ಹಳೆಯ ತುಳಿಯುವ ಗಿರಣಿಯೇ. ಎದೆ ನೋವು ಬಂದರೆ, ತಲೆ ಸುತ್ತಿದರೆ, ಕೂಡಲೇ ಬಾಯಿ ಬಿಟ್ಟು ಹೇಳಬೇಕು. ಹೇಳಿದರೆ ಯಂತ್ರ ನಿಲ್ಲಿಸುತ್ತಾರೆ. ಇಲ್ಲಿ ಬಿಗುಮಾನಕ್ಕೆ ಜಾಗವಿಲ್ಲ.

ಯಂತ್ರ ಆಸ್ಪತ್ರೆಯಿಂದ ಮನೆಗೆ ಬಂದದ್ದು ಒಂದು ಪುಸ್ತಕದ ದೆಸೆಯಿಂದ. ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 1968ರಲ್ಲಿ ‘ಏರೋಬಿಕ್ಸ್’ ಎಂಬ ಪುಸ್ತಕ ಬರೆದು, ನಡಿಗೆ, ಓಟ, ಈಜುಗಳಂಥ ಉಸಿರು ತುಂಬುವ ವ್ಯಾಯಾಮ ಹೃದಯಕ್ಕೆ ಎಷ್ಟು ಹಿತವೆಂದು ಸಾಮಾನ್ಯ ಜನರಿಗೆ ತಿಳಿಸಿದರು. ಅದನ್ನು ಓದಿದವರಲ್ಲಿ ನ್ಯೂಜೆರ್ಸಿಯ ವಿಲಿಯಂ ಸ್ಟಾಬ್ ಎಂಬ ಮೆಕ್ಯಾನಿಕಲ್ ಎಂಜಿನಿಯರೂ ಒಬ್ಬರು. ಮಳೆ, ಹಿಮ, ಮೋಟಾರುಗಳ ಕಾಟವಿಲ್ಲದೆ ಮನೆಯಲ್ಲೇ ಓಡುವ ಹಾಗಿದ್ದರೆ ಜನ ಓಡಿಯಾರು ಎಂದು ಅವರಿಗೆ ತೋರಿತು. ಅಗ್ಗವಾದ ಒಂದು ಯಂತ್ರ ಮಾಡಿ, ಮಾದರಿಯನ್ನು ಕೂಪರ್ ಅವರಿಗೇ ಒಪ್ಪಿಸಿದರು. ಮುಂದೆ ‘ಪೇಸ್‌ಮಾಸ್ಟರ್’ ಎಂಬ ಹೆಸರಿನಿಂದ ಆ ಯಂತ್ರಗಳು ಮನೆಮನೆ ಸೇರಿದವು. ಸ್ಟಾಬ್ 2012ರಲ್ಲಿ, 96ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮುಪ್ಪಿನಲ್ಲೂ ತಮ್ಮ ಯಂತ್ರದ ಮೇಲೆ ನಡೆಯುತ್ತಿದ್ದರಂತೆ. ತಾನು ಮಾಡಿದ ಅಡಿಗೆಯನ್ನು ತಾನೂ ಉಣ್ಣುವ ಬಾಣಸಿಗನ ಮೇಲೆ ನಮಗೆ ನಂಬಿಕೆ ಹೆಚ್ಚಲ್ಲವೇ!

ನಿಮ್ಮ ಮನೆಗೆ ಇಂಥ ಯಂತ್ರ ಬಂದಿದ್ದರೆ ಎರಡು ಮಾತು. ವಯಸ್ಸಾದವರು, ಹೃದಯದ ಬೇನೆಯವರು ವೈದ್ಯರನ್ನು ಕೇಳಿಯೇ ಹತ್ತಬೇಕು; ನಿಧಾನದಲ್ಲಿ ಆರಂಭಿಸಿ ನಿಧಾನದಲ್ಲೇ ಮುಗಿಸಬೇಕು. ಇನ್ನು, ಯಂತ್ರದ ಮುಂಭಾಗದಲ್ಲಿ ಒಂದು ಕೆಂಪು ಕೀಲಿಯೂ ಅದಕ್ಕೆ ಒಂದು ದಾರವೂ ಇರುತ್ತವೆ. ಬಹುಪಾಲು ಜನ ಅದನ್ನು ಲಕ್ಷ್ಯಕ್ಕೇ ತಂದುಕೊಳ್ಳುವುದಿಲ್ಲ. ದಾರದ ತುದಿಯನ್ನು ಅಂಗಿಗೆ ಸಿಕ್ಕಿಸಿಕೊಂಡು ನಡೆದರೆ, ಕಾಲು ತಪ್ಪಿ ಹಿಂದೆ ಸರಿದಾಗ ಕೀಲಿ ಕಳಚಿ ಪಟ್ಟಿ ತಾನಾಗಿ ನಿಲ್ಲುತ್ತದೆ. ನಡಿಗೆ ಮುಗಿದ ಮೇಲೆ ಕೀಲಿಯನ್ನು ತೆಗೆದು ಮಕ್ಕಳ ಕೈಗೆ ಸಿಗದಂತೆ ಇಡಿ. ಓಡುವ ಪಟ್ಟಿಗೆ ಎಳೆಯ ಬೆರಳು ಸಿಕ್ಕಿದರೆ ಅನಾಹುತವಾದೀತು.

ಕ್ಯೂಬಿಟ್ ದಡ್ಡನಲ್ಲ, ಕೆಟ್ಟವನೆನ್ನುವುದಕ್ಕೂ ಆಧಾರವಿಲ್ಲ. ಸೋಮಾರಿಗಳಿಗೆ ಕೆಲಸ ಕೊಡುತ್ತೇನೆಂದೇ ಅವನು ಹೊರಟದ್ದು. ಆದರೆ ಅವನ ಚಕ್ರದಲ್ಲಿ ತುಳಿಯುವವನಿಗೆ ಸಾಕೆನ್ನುವ ಹಕ್ಕು ಇರಲಿಲ್ಲ. ನಮ್ಮ ಯಂತ್ರದಲ್ಲಿ ಅದು ಇದೆ. ನಾಳೆ ಬೆಳಿಗ್ಗೆ ಪಟ್ಟಿ ಹತ್ತುವಾಗ ಮೊದಲು ಆ ಕೆಂಪು ದಾರವನ್ನು ಅಂಗಿಗೆ ಸಿಕ್ಕಿಸಿಕೊಳ್ಳಿ.