ಅನಕೊಂಡ (ಪೈಥಾನ್ ವಿತರಣೆ)

ಪೈಥಾನ್ ಮತ್ತು ಆರ್ ಭಾಷೆಗಳಲ್ಲಿ ದತ್ತಾಂಶ ವಿಜ್ಞಾನದ ಕೆಲಸಕ್ಕೆಂದು ರೂಪಿಸಿದ ತಂತ್ರಾಂಶ ವಿತರಣೆ. ಸಂಖ್ಯಾ ಲೆಕ್ಕಾಚಾರದ ಪೈಥಾನ್ ಲೈಬ್ರರಿ ನಮ್‌ಪೈನ ಕರ್ತೃ ಟ್ರಾವಿಸ್ ಓಲಿಫಂಟ್ ಮತ್ತು ಪೀಟರ್ ವಾಂಗ್ ಅಮೆರಿಕದ ಆಸ್ಟಿನ್‌ನಲ್ಲಿ ಕಟ್ಟಿದ ಕಂಪನಿ 2012ರಲ್ಲಿ ಇದನ್ನು ಹೊರತಂದಿತು. ನಮ್‌ಪೈ, ಸೈಪೈಯಂಥ ವೈಜ್ಞಾನಿಕ ಲೈಬ್ರರಿಗಳ ಒಡಲಲ್ಲಿ ಸಿ, ಫೋರ್ಟ್ರಾನ್ ಕೋಡ್ ಇರುವುದರಿಂದ ಆಗ ವಿಂಡೋಸ್‌ನಲ್ಲಿ ಅವನ್ನು ಇನ್‌ಸ್ಟಾಲ್ ಮಾಡುವುದೇ ದೊಡ್ಡ ತಲೆನೋವಾಗಿತ್ತು. ಅನಕೊಂಡ ಅವನ್ನು ಮೊದಲೇ ಕಂಪೈಲ್ ಮಾಡಿ ಒಟ್ಟಿಗೆ ಕೊಟ್ಟಿತು. ಇದರ ಜೀವಾಳ ಪ್ಯಾಕೇಜ್‌ಗಳನ್ನು ನಿರ್ವಹಿಸುವ ಕೋಂಡಾ ಎಂಬ ಮುಕ್ತ ತಂತ್ರಾಂಶ. ‘ಕೋಂಡಾ ಕ್ರಿಯೇಟ್’ ಆದೇಶ ಪ್ರತಿ ಯೋಜನೆಗೂ ಬೇರೆಯದೇ ಪರಿಸರ ಸಿದ್ಧಪಡಿಸುತ್ತದೆ. ಒಂದರಲ್ಲಿ ಪೈಥಾನ್ 3.8, ಇನ್ನೊಂದರಲ್ಲಿ 3.11 ಇದ್ದರೂ ತಿಕ್ಕಾಟವಿಲ್ಲ. ಡಿಸ್ಕ್ ಜಾಗ ಕಡಿಮೆಯಿದ್ದವರಿಗೆ ಇದರ ಚಿಕ್ಕ ಆವೃತ್ತಿಯಾದ ಮಿನಿಕೋಂಡಾ ಸಾಕು. ಕೋಂಡಾ ಮುಕ್ತವಾದರೂ ಕಂಪನಿಯ ಪ್ಯಾಕೇಜ್ ಭಂಡಾರ ಬಳಸಲು ದೊಡ್ಡ ವಾಣಿಜ್ಯ ಸಂಸ್ಥೆಗಳು 2020ರಿಂದ ಹಣ ತೆರಬೇಕು. ಸಮುದಾಯವೇ ನಡೆಸುವ ಕೋಂಡಾ-ಫೋರ್ಜ್ ಭಂಡಾರಕ್ಕೆ ಆ ಶುಲ್ಕವಿಲ್ಲ.